ಬಸ್ಸಿನ ಮರೆಯಿಂದ ಬರುವ ಮಗು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಶಾಲೆಯ ಐವತ್ತು ವರ್ಷಗಳ ನೆನಪನ್ನು ಹಿರಿಯರು ಚೆನ್ನಾಗಿ ಹೇಳಿದರು. ನಾನು ಗೇಟಿನ ಆಚೆಗಿನ ರಸ್ತೆಯ ಬಗ್ಗೆ ನಾಲ್ಕು ಮಾತು ಆಡುತ್ತೇನೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಹೆಬ್ಬಾಳ, ಯಲಹಂಕದ ಬಳ್ಳಾರಿ ರಸ್ತೆ ಹೇಗಾಯಿತೆಂದು ನಿಮಗೆಲ್ಲ ಗೊತ್ತು. ಆ ವೇಗದ ಅಭ್ಯಾಸವನ್ನೇ ನಾವು ಊರೊಳಗಿನ ರಸ್ತೆಗೂ ತಂದಿದ್ದೇವೆ.

1997ರ ನವೆಂಬರಿನಲ್ಲಿ ದೆಹಲಿಯಲ್ಲಿ ಶಾಲಾ ಬಸ್ಸೊಂದು ಯಮುನಾ ನದಿಗೆ ಬಿದ್ದು ಅನೇಕ ಮಕ್ಕಳು ತೀರಿಕೊಂಡರು. ಅದರ ಬೆನ್ನಲ್ಲೇ ಸುಪ್ರೀಂ ಕೋರ್ಟು ಶಾಲಾ ಬಸ್ಸುಗಳು ಗಂಟೆಗೆ 40 ಕಿ.ಮೀ. ಮೀರದಂತೆ ವೇಗ ನಿಯಂತ್ರಕ ಇರಬೇಕೆಂದು ಆದೇಶಿಸಿತು. ಈ ನಿಯಮ ಬಸ್ಸಿನ ಒಳಗಿರುವ ಮಗುವನ್ನು ಕಾಯುತ್ತದೆ. ಇಳಿದ ಮಗುವನ್ನು ಕಾಯಬೇಕಾದವರು ನಾವು. ನಮ್ಮ ಸರ್ಕಾರಿ ಶಾಲೆಯ ಮಕ್ಕಳಿಗಂತೂ ಹಳದಿ ಬಸ್ಸೇ ಇಲ್ಲ. ಬಿಎಂಟಿಸಿ ಬಸ್ಸು ಇಳಿದು, ಸೈಕಲ್ ತುಳಿದು, ನಡೆದು ಬರುತ್ತಾರೆ.

ಒಂದು ಲೆಕ್ಕ ಕೇಳಿ. 40 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಮಗು ಕಂಡು ಕಾಲು ಬ್ರೇಕಿಗೆ ಹೋಗುವುದಕ್ಕೇ ಒಂದು ಸೆಕೆಂಡು ಬೇಕು. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿದ್ದರೆ, ಗಾಡಿ ನಿಲ್ಲುವಷ್ಟರಲ್ಲಿ ಸುಮಾರು 20 ಮೀಟರ್ ದಾಟಿರುತ್ತದೆ. ಅಂದರೆ ಒಂದು ಕ್ರಿಕೆಟ್ ಪಿಚ್ಚಿನ ಉದ್ದ. ಅದೇ ಗಾಡಿ 60ರಲ್ಲಿದ್ದರೆ? ಪಿಚ್ಚಿನ ಕೊನೆಯಲ್ಲಿ ಅದು ನಿಂತಿರುವುದಿಲ್ಲ, ಇನ್ನೂ 50 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲೇ ಇರುತ್ತದೆ. ಮಳೆ ಬಂದಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ.

ಆದ್ದರಿಂದ ನಿಂತ ಬಸ್ಸು ಕಂಡರೆ, ಅದರ ಮುಂದಿನಿಂದ ಒಂದು ಮಗು ಓಡಿ ಬರುತ್ತದೆ ಎಂದೇ ತಿಳಿದು ನಿಧಾನಿಸಿ. ಹಾರ್ನ್ ಹೊಡೆದು ಮುಂದೆ ನುಗ್ಗಬೇಡಿ. ಆ ಸದ್ದಿಗೆ ಬೆದರಿದ ಮಗು ಯಾವ ಕಡೆ ಓಡುತ್ತದೋ ಹೇಳಲಾಗದು.

ಅಪ್ಪ ಅಮ್ಮಂದಿರೇ, ಮಗುವನ್ನು ಶಾಲೆಯ ಕಡೆಯ ಅಂಚಿನಲ್ಲೇ ಇಳಿಸಿ. ರಸ್ತೆಯ ಆಚೆ ನಿಂತು ಕೈ ಬೀಸಿ ಕರೆಯಬೇಡಿ. ನಿಮ್ಮನ್ನು ಕಂಡ ಮಗುವಿಗೆ ಗಾಡಿ ಕಾಣುವುದಿಲ್ಲ. ನಾಲ್ಕು ವರ್ಷ ದಾಟಿದ ಮಗುವಿಗೂ ಬೈಕಿನ ಮೇಲೆ ಹೆಲ್ಮೆಟ್ ಕಡ್ಡಾಯ. ಇನ್ನು ಹತ್ತನೇ ತರಗತಿಯ ಮಗನ ಕೈಗೆ ಬೈಕ್ ಕೊಡುವವರು ಗಮನಿಸಿ: 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸವೂ ಆಗಬಹುದು.

ಮಕ್ಕಳೇ, ಬಸ್ಸು ಹೊರಟುಹೋಗಲಿ. ರಸ್ತೆ ಎರಡೂ ಕಡೆ ಪೂರ್ತಿ ಕಂಡ ಮೇಲೆ ದಾಟಿ.

ಕೊನೆಯ ಮಾತು ನನ್ನ ಗೆಳೆಯರಿಗೆ. ಈ ರಸ್ತೆಯಲ್ಲಿ ಜೋರಾಗಿ ಹೋಗುವವರಲ್ಲಿ ಇದೇ ಶಾಲೆಯಲ್ಲಿ ಓದಿದವರೂ ಇದ್ದಾರೆ. ಶಾಲೆಗೆ ಬೆಂಚು, ಕಂಪ್ಯೂಟರ್ ಕೊಡೋಣ, ಸಂತೋಷ. ಅದರ ಜೊತೆಗೆ ಬೆಳಗಿನ ಗಂಟೆ, ಸಂಜೆಯ ಗಂಟೆ ಹೊಡೆಯುವ ಹೊತ್ತಿಗೆ ಸರದಿಯಂತೆ ಇಬ್ಬಿಬ್ಬರು ಗೇಟಿನ ಮುಂದೆ ನಿಂತು ಮಕ್ಕಳನ್ನು ರಸ್ತೆ ದಾಟಿಸೋಣ. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.