ಕಿಶೋರಿಯರ ಆರೋಗ್ಯಬೋಧೆಯೂ ಕೈಯೊಳಗಣ ಯಂತ್ರವೂ

(ಮಠದ ಉತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಭಾಷಣ)

ಮಠದ ಸಭೆಯಲ್ಲಿ ಹೆಣ್ಣುಮಕ್ಕಳ ಮುಟ್ಟಿನ ವಿಚಾರವನ್ನೆತ್ತುವುದು ತಕ್ಕುದೇ ಎಂದು ಒಬ್ಬಿಬ್ಬರು ಹಿರಿಯರು ನನ್ನನ್ನು ಕೇಳಿದರು. ಇಲ್ಲಿಯಲ್ಲದೆ ಮತ್ತೆಲ್ಲಿ ಎಂಬುದೇ ನನ್ನ ಉತ್ತರ. ಅದರ ಕಾರಣವನ್ನು ಮುಂದೆ ಅರಿಕೆ ಮಾಡುವೆನು.

ನಮ್ಮ ದಾವಣಗೆರೆಯು ಹತ್ತಿಯ ಗಿರಣಿಗಳಿಂದ ಹೆಸರಾಗಿ, ಬಳಿಕ ವಿದ್ಯಾಸಂಸ್ಥೆಗಳಿಂದ ಬೆಳೆದ ನಗರ. 1965ರಲ್ಲಿಯೇ ಇಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ಹರಿಹರದಿಂದ ಇಲ್ಲಿಗೆ ಒಂದು ಗಂಟೆಯ ದಾರಿಯೂ ಇಲ್ಲ. ಹೀಗೆ ವೈದ್ಯರಿಗೆ ಬರವಿಲ್ಲದ ಸೀಮೆಯಲ್ಲಿ, ಮುಖ ಬಿಳಿಚಿ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹುಡುಗಿಯು ತಿಂಗಳುಗಟ್ಟಲೆ ಯಾರಿಗೂ ಹೇಳದೆ ಇರುವುದುಂಟು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಇದನ್ನು ಬಡತನದ ಲೆಕ್ಕಕ್ಕೆ ಮಾತ್ರ ಬರೆದರೆ ಸಾಲದು. ನಾಚಿಕೆಯ ಲೆಕ್ಕಕ್ಕೂ ಸ್ವಲ್ಪ ಸೇರತಕ್ಕದ್ದು.

ಬೋಧೆಯನ್ನು ಮೊಬೈಲಿನ ಮೂಲಕ ಮಾಡಿದರಾಯಿತು ಎಂದು ಅನೇಕರು ಸಲಹೆ ಕೊಡುತ್ತಾರೆ. ಸಲಹೆಯೇನೋ ಒಳ್ಳೆಯದು. ಆದರೆ ಯಾರ ಮೊಬೈಲು? ಅದೇ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್ನೆಟ್ಟನ್ನು ಬಳಸಿದ ಹೆಂಗಸರು ನೂರಕ್ಕೆ 33, ಗಂಡಸರು 57. ಹಲವು ಮನೆಗಳಲ್ಲಿ ಆ ಯಂತ್ರವು ಹಗಲೆಲ್ಲ ಅಪ್ಪನ ಜೇಬಿನಲ್ಲಿದ್ದು, ಸಂಜೆಗೆ ಅಣ್ಣನ ಕೈಸೇರಿ, ಪಾಠದ ನೆಪದಿಂದ ಅರ್ಧ ಗಂಟೆ ತಂಗಿಗೆ ದೊರಕುತ್ತದೆ. ಇಂಥಲ್ಲಿ ಗರ್ಭಕೋಶದ ಬಣ್ಣದ ಚಿತ್ರವನ್ನು ಕಳುಹಿಸಿದರೆ, ಅದನ್ನು ಮೊದಲು ನೋಡುವವನು ಅಣ್ಣ. ಬೈಗುಳ ತಿನ್ನುವವಳು ತಂಗಿ. ಆದಕಾರಣ ಚಿತ್ರಕ್ಕಿಂತ ಧ್ವನಿ ಮೇಲು. ಎರಡು ನಿಮಿಷದ ಮಾತು, ಪರಿಚಿತ ಹೆಂಗಸೊಬ್ಬಳ ಕಂಠ, ತಲೆಬರಹದಲ್ಲಿ ಗುಟ್ಟು ಬಯಲಾಗದ ಹೆಸರು, ಕೇಳಿದೊಡನೆ ಅಳಿಸಿಬಿಡುವ ಅನುಕೂಲ: ಇಷ್ಟಿದ್ದರೆ ಹುಡುಗಿಯು ಧೈರ್ಯವಾಗಿ ಕಿವಿಗೊಟ್ಟಾಳು.

ಇನ್ನು ಮಾತು ಯಾವುದಾಗಿರಬೇಕು? ಇದು ಎಲ್ಲಕ್ಕಿಂತ ಕಠಿನ. 2017ರಲ್ಲಿ ಕೇಂದ್ರ ಸರ್ಕಾರವು ಹದಿಹರೆಯದವರಿಗಾಗಿ ‘ಸಾಥಿಯಾ’ ಎಂಬ ಹೆಸರಿನಲ್ಲಿ ಬೋಧನಸಾಮಗ್ರಿಯನ್ನು ಹೊರಡಿಸಿತು. ಉದ್ದೇಶವು ಶ್ಲಾಘ್ಯವೇ, ಆದರೆ ಹರಿಹರದ ಹುಡುಗಿಯ ಕಿವಿಗೆ ಆ ಹೆಸರು ಹಿಂದಿಯ ಸಿನಿಮಾದಂತೆ ಕೇಳಿಸುತ್ತದೆ. ನಮ್ಮ ಶಾಲಾಪುಸ್ತಕಗಳಾದರೋ ‘ಋತುಚಕ್ರ’ವೆನ್ನುತ್ತವೆ. ಆ ಪದವು ಪರೀಕ್ಷೆಗೆ ಒದಗುತ್ತದೆ; ಹೊಟ್ಟೆ ನೋಯುವಾಗ ಯಾರ ಬಾಯಲ್ಲೂ ಬರುವುದಿಲ್ಲ. ಮನೆಯ ಮಾತು ‘ಹೊರಗಾಗುವುದು’. ಈ ಮಾತನ್ನು ಬಿಟ್ಟರೆ ಅವಳಿಗೆ ತಿಳಿಯದು. ಹಿಡಿದರೆ, ಅವಳನ್ನು ಹೊರಗೆ ಕೂರಿಸುವ ಭಾವನೆಯೂ ಅದರ ಬೆನ್ನಿಗೇ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ಮಾತಿನಿಂದಲೇ ಆರಂಭಿಸಿ, “ಹೊರಗೆ ಎಂದರೇನಮ್ಮ, ಯಾತರಿಂದ ಹೊರಗೆ?” ಎಂದು ಅವಳನ್ನೇ ಕೇಳುವುದು ಲೇಸು.

ಮಠದ ಸಭೆಯೇ ಈ ವಿಚಾರಕ್ಕೆ ಸ್ಥಾನವೆಂದು ನಾನು ಹೇಳಿದ ಕಾರಣ ಇಲ್ಲಿದೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗಳಿಗೆ ಇಲ್ಲವೆಂಬುದು ಶರಣರ ಕಾಲದಿಂದ ಬಂದ ಮತ. ರಜಸ್ಸೂತಕವಿಲ್ಲವೆಂದ ಮೇಲೆ ಆ ದಿನಗಳಲ್ಲಿಯೂ ಅವಳ ಕೊರಳಿನ ಲಿಂಗವು ಅವಳದೇ, ಪೂಜೆಯು ಅವಳದೇ. ಸಿದ್ಧಾಂತವು ಹೀಗಿರಲು, ನಮ್ಮವರದೇ ಎಷ್ಟೋ ಮನೆಗಳಲ್ಲಿ ಮಗಳಿಗೆ ಬೇರೆ ಚಾಪೆ, ಬೇರೆ ಲೋಟ! ಪರದೇಶದ ಪಂಡಿತರು ಸಂಸ್ಕೃತಿಗೆ ಹೊಂದುವ ಬೋಧೆಯನ್ನು ರಚಿಸಬೇಕೆಂದು ಉಪದೇಶಿಸುವಾಗ, ರೂಢಿಗೆ ತಲೆಬಾಗುವುದೇ ಅದರ ಅರ್ಥವೆಂದು ಕೆಲವರು ತಿಳಿದಿದ್ದಾರೆ. ರೂಢಿಯೊಂದೇ ಸಂಸ್ಕೃತಿಯಲ್ಲ. ಹುಡುಗಿಗೆ ಅವಳ ಪರಂಪರೆಯೇ ಕೊಟ್ಟಿರುವ ಬಿಡುಗಡೆಯನ್ನು ಶ್ರೀಗಳವರ ಬಾಯಿಂದ ಒಮ್ಮೆ ಕೇಳಿಸಿದರೆ, ಅಜ್ಜಿಯೂ ಅದನ್ನು ಎದುರಾಡಲಾರಳು.

ಆದರೆ ಈ ಯುಕ್ತಿಯನ್ನು ಎಲ್ಲರಿಗೂ ಒಡ್ಡುವುದು ಸಲ್ಲದು. ಹಳೇ ದಾವಣಗೆರೆಯ ಮುಸಲ್ಮಾನರ ಮನೆಯ ಹುಡುಗಿಗೆ ಅವಳ ಧರ್ಮದ ಶುಚಿತ್ವದ ನಿಯಮಗಳು ಬೇರೆಯಿವೆ. ಅವಳಿಗೆ ದೇಹಕ್ಕೆ ಸಂಬಂಧಪಟ್ಟದ್ದನ್ನು ಹೇಳಿ, ಆಚರಣೆಯ ಮಾತನ್ನು ಅವಳಿಗೇ ಬಿಡತಕ್ಕದ್ದು. ಬಟ್ಟೆಯನ್ನು ಕತ್ತಲೆಯ ಮೂಲೆಯಲ್ಲಿ ಒಣಗಹಾಕಬಾರದು, ಬಿಸಿಲು ಬೇಕು ಎಂಬುದು ಮಾತ್ರ ಯಾವ ಧರ್ಮದವಳಿಗೂ ಒಂದೇ.

ಆಹಾರದ ಮಾತೂ ಅಷ್ಟೇ. ರಕ್ತ ಹೆಚ್ಚಲು ಮೊಟ್ಟೆ, ಯಕೃತ್ತು ತಿನ್ನಿರೆಂಬ ಸಂದೇಶವು ಶಾಕಾಹಾರಿಗಳ ಮನೆಯ ಬಾಗಿಲಲ್ಲಿಯೇ ನಿಂತುಬಿಡುತ್ತದೆ. ಅವಳ ತಟ್ಟೆಯಲ್ಲಿ ಈಗಾಗಲೇ ಇರುವ ಗುರೆಳ್ಳಿನ ಪುಡಿ, ಹುರಳಿ, ಕಡಲೆ, ಸೊಪ್ಪುಗಳ ಹೆಸರನ್ನೆತ್ತಿ, ಮೇಲೆ ನಿಂಬೆಹುಳಿ ಹಿಂಡಿಕೊ, ಊಟದೊಡನೆ ಚಹಾ ಕುಡಿಯಬೇಡ ಎಂದರೆ ಕೆಲಸವಾಗುತ್ತದೆ. ಶಾಲೆಗಳಲ್ಲಿ ವಾರಕ್ಕೊಂದರಂತೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಗುಳಿಗೆಯಿಂದ ಮಲವು ಕಪ್ಪಾಗುವುದು, ಹೊಟ್ಟೆ ತೊಳಸುವುದು ಉಂಟು. ಇದನ್ನು ಮೊದಲೇ ತಿಳಿಸದಿದ್ದರೆ ಹುಡುಗಿ ಹೆದರಿ ಗುಳಿಗೆಯನ್ನು ಎಸೆಯುತ್ತಾಳೆ.

ಸ್ರಾವವು ಏಳು ದಿನ ಮೀರಿದರೆ, ಗಂಟೆಗೊಂದು ಬಟ್ಟೆ ನೆನೆದರೆ, 15 ವರ್ಷ ತುಂಬಿದರೂ ಮೈನೆರೆಯದಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು. ಪ್ರತಿ ಸಂದೇಶವೂ ಹೋಗಬೇಕಾದ ಸ್ಥಳವನ್ನು ಹೆಸರಿಸಿಯೇ ಮುಗಿಯಬೇಕು. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು 2014ರಲ್ಲಿ ಆರಂಭವಾಗಿದೆ. ಕರ್ನಾಟಕದಲ್ಲಿ ಹದಿಹರೆಯದವರಿಗೆ ‘ಸ್ನೇಹಾ ಕ್ಲಿನಿಕ್’ಗಳಿವೆ. ಇವುಗಳ ವಾರ, ವೇಳೆ, ಬಸ್ಸಿನ ದಾರಿ ತಿಳಿಯದ ಹುಡುಗಿಗೆ ಬರಿಯ ಬೋಧೆಯಿಂದ ಏನು ಪ್ರಯೋಜನ?

ಅವಳ ಹೆಸರು, ಊರು, ಮುಟ್ಟಿನ ದಿನಾಂಕ ಮೊದಲಾದುವನ್ನು ಕೇಳಿ ಬರೆದುಕೊಳ್ಳುವ ಆ್ಯಪುಗಳು ನನಗೆ ಹಿಡಿಸವು. 18 ತುಂಬದವರ ಮಾಹಿತಿಗೆ ಸಾಮಾನ್ಯವಾಗಿ ತಂದೆತಾಯಿಗಳ ಒಪ್ಪಿಗೆ ಬೇಕೆಂದು 2023ರ ಕಾಯಿದೆಯೂ ವಿಧಿಸಿದೆ. ಏನನ್ನೂ ಕೇಳದೆ ಹೇಳುವುದೇ ಸುರಕ್ಷಿತ.

ಕಡೆಯದಾಗಿ ಒಂದು ಬಿನ್ನಹ. ಇಂಥ ಸಂದೇಶಗಳನ್ನು ಸಿದ್ಧಪಡಿಸುವುದಾದರೆ, ನಮ್ಮಂಥ ವಿದ್ವಾಂಸರೆನಿಸಿಕೊಂಡವರು ಒಪ್ಪಿದೆವೆಂದು ಹೊರಡಿಸಬೇಡಿರಿ. ಮೊದಲು ದಾವಣಗೆರೆಯ ವಿದ್ಯಾರ್ಥಿನಿಲಯದಲ್ಲಿ ಹತ್ತು ಮಂದಿ, ಹರಿಹರದಲ್ಲಿ ಹತ್ತು ಮಂದಿ ಹುಡುಗಿಯರನ್ನು ಹಿರಿಯರಿಲ್ಲದ ಕೋಣೆಯಲ್ಲಿ ಕೂರಿಸಿ ಕೇಳಿಸಿರಿ. ಅವರು ಎಲ್ಲಿ ನಕ್ಕರು, ಎಲ್ಲಿ ತಲೆ ತಗ್ಗಿಸಿದರು, ಯಾವ ಮಾತಿಗೆ ಪಕ್ಕದವಳ ಮುಖ ನೋಡಿದರು ಎಂಬುದನ್ನು ಒಬ್ಬ ತಾಯಿ ಗುರುತು ಹಾಕಿಕೊಳ್ಳಲಿ. ಆ ಸ್ಥಳಗಳನ್ನು ತಿದ್ದಿ, ಮತ್ತೊಮ್ಮೆ ಅವರಿಗೇ ಕೇಳಿಸಿ, ಆಮೇಲೆ ಕಳುಹಿಸಿರಿ.