ರಾಮ್‌ಜಿ ಸುಬೇದಾರರ ನಿದ್ದೆ

(ವಿದ್ಯಾರ್ಥಿನಿಲಯದ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ನಮ್ಮ ರೂಮುಗಳ ಗೋಡೆ ಮೇಲೆ ಬಾಬಾಸಾಹೇಬರ ಫೋಟೋ ಇದೆ. ಅವರ ಅಪ್ಪನ ಹೆಸರು ಕೇಳಿದರೆ ಎಷ್ಟು ಜನ ಹೇಳ್ತೀವಿ? ಇವತ್ತು ಆ ಅಪ್ಪನ ಬಗ್ಗೆ ನಾಲ್ಕು ಮಾತು.

ರಾಮ್‌ಜಿ ಮಾಲೋಜಿ ಸಕ್ಪಾಲ್. ಮಹಾರರ ಸಿಪಾಯಿ ಮನೆತನ. ಸೈನ್ಯದಲ್ಲಿ ಸುಬೇದಾರ್ ಆದವರು, ದಂಡಿನ ಶಾಲೆಯಲ್ಲಿ ಹೆಡ್‌ಮಾಸ್ತರಾಗಿದ್ದವರು, ಕಬೀರ ಪಂಥದವರು. 1891ರಲ್ಲಿ ಮಹೂನಲ್ಲಿ ಹುಟ್ಟಿದ ಭೀಮರಾವ್ ಅವರ ಹದಿನಾಲ್ಕನೇ ಮಗು. ಬದುಕಿ ಉಳಿದದ್ದು ಐದೇ ಮಕ್ಕಳು. ಹೆಂಡತಿ ಭೀಮಾಬಾಯಿ ಬೇಗ ತೀರಿಕೊಂಡರು. ಮಕ್ಕಳನ್ನ ಸಾಕಿದವರು ರಾಮ್‌ಜಿಯವರ ಅಕ್ಕ, ಬೆನ್ನು ಗೂನಾಗಿದ್ದ ಮೀರಾಬಾಯಿ.

ಪಿಂಚಣಿ ಬಂದ ಮೇಲೂ ದುಡಿತ ತಪ್ಪಲಿಲ್ಲ. ಸತಾರಾ ಜಿಲ್ಲೆಯ ಖಟಾವ್ ತಾಲ್ಲೂಕಿನಲ್ಲಿ, ಬರಗಾಲದ ಜನಕ್ಕೆ ಕೂಲಿ ಸಿಗಲಿ ಅಂತ ಸರ್ಕಾರ ಕೆರೆ ತೋಡಿಸ್ತಿತ್ತು. ಅಲ್ಲಿ ಅವರು ಕ್ಯಾಷಿಯರ್. 1901ರಲ್ಲಿ ಮಕ್ಕಳು ಅಪ್ಪನನ್ನ ನೋಡೋಕೆ ರೈಲು ಹತ್ತಿ ಬಂದರು. ಮಹಾರರೆಂದು ಗೊತ್ತಾದ ಮೇಲೆ ಯಾವ ಗಾಡಿಯವನೂ ಒಪ್ಪಲಿಲ್ಲ. ಕಡೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿ ತಾವೇ ಹೊಡ್ಕೊಂಡು ಹೋಗಬೇಕಾಯ್ತು. ಬುತ್ತಿ ಇತ್ತು, ಕುಡಿಯಲು ನೀರು ಸಿಗಲಿಲ್ಲ. ಅಪ್ಪ ಕೆರೆಯ ಲೆಕ್ಕ ಬರೀತಿದ್ದಾನೆ, ಮಕ್ಕಳಿಗೆ ದಾರಿಯಲ್ಲಿ ಒಂದು ಗುಟುಕು ನೀರಿಲ್ಲ. ಇದೇ ಜಾತಿ ವ್ಯವಸ್ಥೆ.

ಆಮೇಲೆ ಮುಂಬಯಿ. ಪರೇಲಿನ ಚಾಳಿನಲ್ಲಿ ಒಂದೇ ಕೋಣೆ. ಅಡುಗೆ, ಸೌದೆ, ಬೀಸೋಕಲ್ಲು, ಮೇಕೆ, ಎಲ್ಲಾ ಅದರಲ್ಲೇ. ಮಗ ಹೊತ್ತಿಗೆ ಮುಂಚೆ ಮಲಗ್ತಿದ್ದ. ಅಪ್ಪ ರಾತ್ರಿ ಎರಡು ಗಂಟೆವರೆಗೆ ಎಚ್ಚರವಿದ್ದು, ಮಗನನ್ನ ಎಬ್ಬಿಸಿ ಓದಲು ಕೂರಿಸಿ, ಆಮೇಲೆ ತಾನು ಮಲಗ್ತಿದ್ದ. ಪುಸ್ತಕಕ್ಕೆ ದುಡ್ಡಿಲ್ಲದಾಗ ಮದುವೆಯಾದ ಮಗಳ ಮನೆ ಬಾಗಿಲಿಗೆ ಹೋಗಿ ಅವಳ ಒಡವೆ ತಂದು ಅಡವಿಡ್ತಿದ್ದ. ಪಿಂಚಣಿ ಬಂದಾಗ ಬಿಡಿಸಿ ಕೊಡ್ತಿದ್ದ. ಅಣ್ಣ ಆನಂದರಾವ್ ಓದು ಬಿಟ್ಟು ದುಡಿಮೆಗೆ ಹೋದ.

1907ರಲ್ಲಿ ಮಗ ಮೆಟ್ರಿಕ್ ಪಾಸಾದ, 1912ರಲ್ಲಿ ಬಿ.ಎ. ಮರುವರ್ಷ ಫೆಬ್ರವರಿ 2ರಂದು ರಾಮ್‌ಜಿ ಸತ್ತರು. ಜುಲೈನಲ್ಲಿ ಮಗ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯ ಸೇರಿದ. ನೋಡೋಕೆ ಅಪ್ಪ ಇರಲಿಲ್ಲ.

ಇದನ್ನ ‘ತ್ಯಾಗ’ ಅಂತ ಹೊಗಳಿ ಕೈತೊಳ್ಕೊಳ್ಳೋದು ಸುಲಭ. ನಾನು ಕೇಳೋದು ಬೇರೆ. ನಮ್ಮವರಲ್ಲಿ ಒಬ್ಬ ಓದಬೇಕಾದರೆ ಅಪ್ಪನ ನಿದ್ದೆ, ಅಕ್ಕನ ಒಡವೆ, ಅಣ್ಣನ ಓದು, ಅತ್ತೆಯ ಬೆನ್ನು ಇಷ್ಟೆಲ್ಲಾ ಯಾಕೆ ಸವೆಯಬೇಕು? ಬಾಬಾಸಾಹೇಬರು ಇದನ್ನ ಮರೀಲಿಲ್ಲ. 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತ ತಮ್ಮ ಗ್ರಂಥವನ್ನ ಅಪ್ಪ ಅವ್ವನ ನೆನಪಿಗೆ ಅರ್ಪಿಸಿದರು. ವೈಸರಾಯ್ ಮಂಡಲಿಯಲ್ಲಿ ಕೂತಾಗ ನಮ್ಮವರ ಓದಿಗೆ ಸರ್ಕಾರದ ಹಣ ಕೇಳಿದರು. 1944ರಲ್ಲಿ ಪರಿಶಿಷ್ಟ ಜಾತಿ ವಿದ್ಯಾರ್ಥಿವೇತನ ಶುರುವಾಯ್ತು. ಒಬ್ಬ ಅಪ್ಪ ಒಡವೆ ಅಡವಿಟ್ಟು ಮಾಡಿದ್ದನ್ನ ಸರ್ಕಾರ ಮಾಡಲಿ ಅಂತ ಮಗ ಹಟ ಹಿಡಿದ. ಅಪ್ಪನ ಸಾಲ ತೀರಿಸೋದು ಅಂದರೆ ಇದು. ಆದ್ದರಿಂದ ಸ್ಕಾಲರ್‌ಷಿಪ್ಪು, ಹಾಸ್ಟೆಲ್ಲು ಭಿಕ್ಷೆಯಲ್ಲ. ತಡವಾದರೆ ಕೇಳಿ, ನಿಲ್ಲಿಸಿದರೆ ಬೀದಿಗೆ ಬನ್ನಿ.

ಇನ್ನೊಂದು ಮಾತು. ಹಾಸ್ಟೆಲ್ ಗೇಟಿಗೆ ಹರಕು ಟವಲ್ಲಿನ ಅಪ್ಪ ಬಂದರೆ ‘ನಮ್ಮೂರಿನವರು’ ಅಂತ ಹೇಳೋ ಗೆಳೆಯರಿದ್ದಾರೆ. ಹಾಗೆ ಹೇಳಬೇಡಿ. ಒಳಗೆ ಕರ್ಕೊಂಡು ಬಂದು ಎಲ್ಲರ ಎದುರು ‘ಇವರು ನಮ್ಮಪ್ಪ’ ಅನ್ನಿ.

ಇಲ್ಲಿ ರಾತ್ರಿ ಎರಡಕ್ಕೆ ಎಬ್ಬಿಸೋ ರಾಮ್‌ಜಿ ಇಲ್ಲ. ನಾವೇ ಒಬ್ಬರನ್ನೊಬ್ಬರು ಎಬ್ಬಿಸೋಣ.

ಜೈ ಭೀಮ್.