ಉಡುಪು ಬೇಕು, ಉಟ್ಟವರು ಬೇಡವೇ?

(ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಕನ್ನಡ ಕಾರ್ಯಕರ್ತರು ಮಧುಗಿರಿಯಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಅಂಗಡಿ ಬೋರ್ಡಿನಲ್ಲಿ ಕನ್ನಡ ಬೇಕು, ಬ್ಯಾಂಕಿನಲ್ಲಿ ಕನ್ನಡ ಬೇಕು, ನೌಕರಿಯಲ್ಲಿ ಕನ್ನಡಿಗ ಬೇಕು ಎಂದು ನಾವು ಕೂಗುತ್ತಲೇ ಬಂದಿದ್ದೇವೆ. ಕೂಗಲೇಬೇಕು. ಆದರೆ ಇವತ್ತು ನಾನು ಮೈಮೇಲಿನ ಬಟ್ಟೆಯ ಬಗ್ಗೆ ಮಾತನಾಡುತ್ತೇನೆ. ಬಟ್ಟೆಗೂ ಕನ್ನಡಕ್ಕೂ ಏನು ಸಂಬಂಧ ಎನ್ನಬೇಡಿ. ನಮ್ಮ ಮಾತನ್ನು ಕೀಳಾಗಿ ಕಂಡವರು ನಮ್ಮ ಉಡುಪನ್ನೂ ಕೀಳಾಗಿಯೇ ಕಂಡಿದ್ದಾರೆ. ಅದರಲ್ಲಿ ದುಡ್ಡು ಕಂಡಾಗ ಮಾತ್ರ ಎತ್ತಿಕೊಂಡು ಹೋಗಿದ್ದಾರೆ.

2024ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್‌ಗೆ ಹೋದರು. ಟಿಕೆಟ್ ಕೈಯಲ್ಲಿತ್ತು. ಆದರೂ ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದರು! ನಾಡು ಸಿಡಿದೆದ್ದಿತು, ಏಳು ದಿನ ಮಾಲ್‌ಗೆ ಬೀಗ ಬಿತ್ತು. ಪರದೆಯ ಮೇಲೆ ಪಂಚೆ ಎತ್ತಿ ಕಟ್ಟಿದ ನಾಯಕನಿಗೆ ಶಿಳ್ಳೆ, ಬಾಗಿಲಲ್ಲಿ ಪಂಚೆ ಉಟ್ಟ ರೈತನಿಗೆ ತಡೆ. ಇದು ಯಾವ ನ್ಯಾಯ?

ಇನ್ನೊಂದು ಕೇಳಿ. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ದೊಡ್ಡ ಕಂಪನಿ ತನ್ನ ಫ್ಯಾಷನ್ ಪ್ರದರ್ಶನದಲ್ಲಿ ರೂಪದರ್ಶಿಗಳ ಕಾಲಿಗೆ ಚಪ್ಪಲಿ ಹಾಕಿಸಿತು. ಅಪ್ಪಟ ಕೊಲ್ಹಾಪುರಿ ಚಪ್ಪಲಿಯ ಹಾಗೆಯೇ ಇತ್ತು. ಆದರೆ ಅದರ ಹೆಸರಿಲ್ಲ, ಊರಿಲ್ಲ, ಹೊಲಿದವರ ಸುದ್ದಿಯೇ ಇಲ್ಲ. ದೇಶದಲ್ಲಿ ಗದ್ದಲ ಎದ್ದ ಮೇಲೆ, ಅದರ ಮೂಲ ಭಾರತದ ಕುಶಲಕರ್ಮಿಗಳದು ಎಂದು ಕಂಪನಿ ಒಪ್ಪಿಕೊಂಡಿತು.

ಇಲ್ಲಿ ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದಿದೆ. ಅನೇಕ ಪತ್ರಿಕೆಗಳು ಅದನ್ನು ಮಹಾರಾಷ್ಟ್ರದ ಚಪ್ಪಲಿ ಎಂದೇ ಬರೆದವು. ಆದರೆ 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಿ ಸಿಕ್ಕಿದ್ದು ಎಂಟು ಜಿಲ್ಲೆಗಳಿಗೆ. ಅದರಲ್ಲಿ ನಾಲ್ಕು ನಮ್ಮವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿ, ನಿಪ್ಪಾಣಿ ಕಡೆಯ ಚರ್ಮಕಾರರ ಬೆವರು ಅದರಲ್ಲಿದೆ. ಹೊರಗಿನವರು ನಮ್ಮ ಹೆಸರು ಅಳಿಸುವ ಮೊದಲು ನಾವೇ ಅದನ್ನು ಹೇಳಿಕೊಳ್ಳದೆ ಸುಮ್ಮನಿದ್ದೆವು!

ಕಾನೂನು ಏನು ಮಾಡಿತು? ಭೌಗೋಳಿಕ ಸೂಚಿ ಕಾಪಾಡುವುದು ಮುಖ್ಯವಾಗಿ ಹೆಸರನ್ನು. ಕಂಪನಿ ಆ ಹೆಸರನ್ನೇ ಬಳಸಿರಲಿಲ್ಲ. ವಕೀಲರು ಕೆಲವರು ಬಾಂಬೆ ಹೈಕೋರ್ಟಿಗೆ ಹೋದರೆ, ಹೆಸರು ಯಾರದಾಗಿ ನೋಂದಣಿಯಾಗಿದೆಯೋ ಅವರೇ ಬರಬೇಕು ಎಂದು ನ್ಯಾಯಾಲಯ ಅರ್ಜಿ ವಜಾ ಮಾಡಿತು. ಕೊನೆಗೆ 2025ರ ಡಿಸೆಂಬರ್‌ನಲ್ಲಿ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಚರ್ಮೋದ್ಯಮ ನಿಗಮದ ಜೊತೆ ಕಂಪನಿ ಒಪ್ಪಂದಕ್ಕೆ ಬಂತು. ಎರಡೂ ರಾಜ್ಯಗಳಲ್ಲಿ 2,000 ಜೊತೆ ಚಪ್ಪಲಿ ಮಾಡಿಸುವುದು, ಜೊತೆಯೊಂದಕ್ಕೆ ಸುಮಾರು 800 ಯೂರೋ ಬೆಲೆ. ಅದರಲ್ಲಿ ಹೊಲಿದವನ ಕೈಗೆ ಬರುವುದೆಷ್ಟು ಎಂದು ನಾವು ಕೇಳುತ್ತಲೇ ಇರಬೇಕು. ಆದರೆ ಪಾಠ ಒಂದಿದೆ. ನೋಂದಾಯಿತ ಹೆಸರಿತ್ತು, ಹಿಂದೆ ಒಂದು ಸಂಸ್ಥೆ ಇತ್ತು, ಬೀದಿಯಲ್ಲಿ ದನಿ ಇತ್ತು. ಮೂರೂ ಕೂಡಿದ್ದರಿಂದ ದೈತ್ಯ ಕಂಪನಿ ಮಾತುಕತೆಗೆ ಕೂತಿತು.

ಈಗ ನಮ್ಮ ನಾಲ್ಕು ತಾಲ್ಲೂಕಿಗೆ ಬನ್ನಿ. ಪಾವಗಡ, ಶಿರಾ, ಮಧುಗಿರಿ ಕಡೆಯ ತಾಂಡಾಗಳ ಲಂಬಾಣಿ ತಾಯಂದಿರನ್ನು ನೋಡಿ. ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆ, ತಲೆಗೆ ಟುಕ್ರಿ. ಕನ್ನಡಿ ಚೂರು, ಕವಡೆ, ಮಣಿ ಕೂರಿಸಿ ಒಂದೊಂದು ಹೊಲಿಗೆಯನ್ನೂ ಕೈಯಲ್ಲೇ ಹಾಕಬೇಕು. ಒಂದು ಜೊತೆ ಮುಗಿಯಲು ತಿಂಗಳುಗಳೇ ಬೇಕು. ಸಿನಿಮಾ ಹಾಡಿಗೆ ಬಣ್ಣ ಬೇಕಾದಾಗ ನಟಿಯ ಹಿಂದೆ ಕುಣಿಯುವವರಿಗೆ ಅದೇ ಉಡುಪು. ಶಾಲಾ ವಾರ್ಷಿಕೋತ್ಸವಕ್ಕೂ ಬಾಡಿಗೆಗೆ ತಂದ ಅದೇ ಉಡುಪಿನ ನಕಲು. ಪೇಟೆಯ ದೊಡ್ಡ ಅಂಗಡಿಗಳಲ್ಲಿ ಅದೇ ಕನ್ನಡಿ ಕಸೂತಿಯ ಬ್ಯಾಗು, ಜಾಕೆಟ್ಟು. ಆದರೆ ಆ ಉಡುಪು ತೊಟ್ಟ ತಾಯಿ ಬಸ್ಸು ಹತ್ತಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಆ ನೋಟಕ್ಕೆ ಅಂಜಿ ಅವರ ಹೆಣ್ಣುಮಕ್ಕಳು ಅದನ್ನು ಪೆಟ್ಟಿಗೆಗೆ ಸೇರಿಸಿದ್ದಾರೆ. ಉಟ್ಟವರಿಗೆ ನಾಚಿಕೆ, ಕದ್ದವರಿಗೆ ಚಪ್ಪಾಳೆ!

ಬಳ್ಳಾರಿ ಸೀಮೆಯ ಸಂಡೂರು ಬೇರೆ ದಾರಿ ತೋರಿಸಿದೆ. ಅಲ್ಲಿನ ಲಂಬಾಣಿ ಕಸೂತಿಗೆ 2010ರಲ್ಲೇ ಭೌಗೋಳಿಕ ಸೂಚಿ ಸಿಕ್ಕಿತು. 2023ರಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರ 1,755 ಕಸೂತಿ ತುಣುಕುಗಳು ಗಿನ್ನೆಸ್ ದಾಖಲೆ ಸೇರಿದವು. ಅದೇ ಸೂಜಿ, ಅದೇ ಕನ್ನಡಿ ನಮ್ಮ ತಾಂಡಾಗಳಲ್ಲೂ ಇದೆ. ಇಲ್ಲದಿರುವುದು ಸಂಘಟನೆ.

ಇನ್ನು ಕಂಬಳಿ. ಇದು ಕುರಿಗಾರರ ಸೀಮೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಗೆ ಹೋದವರಿಗೆ ಕಂಬಳಿ ಎಂದರೆ ಬರೀ ಹೊದಿಕೆಯಲ್ಲ, ದೇವರ ಗದ್ದುಗೆ ಎಂದು ಗೊತ್ತು. ಉಣ್ಣೆ ಕತ್ತರಿಸಿ, ನೂತು, ಹಾಸಿಗೆ ಹುಣಸೆ ಬೀಜದ ಗಂಜಿ ಬಳಿದು ಒಣಗಿಸಿ, ಗುಂಡಿ ಮಗ್ಗದಲ್ಲಿ ನೇಯುವುದು ಮನೆಮಂದಿಯೆಲ್ಲ ಸೇರಿ ಮಾಡುವ ದುಡಿಮೆ. ಇವತ್ತು ವೇದಿಕೆಯ ಮೇಲೆ ಗಣ್ಯರಿಗೆ ಕಂಬಳಿ ಹೊದಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಮಗ್ಗದ್ದೋ ಮಿಲ್ಲಿನದ್ದೋ ಯಾರೂ ಮುಟ್ಟಿ ನೋಡುವುದಿಲ್ಲ. ಮಿಲ್ಲಿನ ಅಗ್ಗದ ಹೊದಿಕೆ ಬಂದ ಮೇಲೆ ನೇಕಾರನ ಮಗ ಬೆಂಗಳೂರಿಗೆ ಗಾರ್ಡ್ ಕೆಲಸಕ್ಕೆ ಹೋದ. ನಾಳೆ ಅವನನ್ನೇ ಮಾಲ್ ಬಾಗಿಲಲ್ಲಿ ನಿಲ್ಲಿಸಿ, ಪಂಚೆಯವರನ್ನು ಒಳಗೆ ಬಿಡಬೇಡ ಎನ್ನುತ್ತಾರೆ!

ಹಾಗಾದರೆ ಬೇರೆಯವರು ನಮ್ಮ ಬಟ್ಟೆ ಉಡಲೇಬಾರದೇ ಎಂದು ಕೆಲವರು ಕೇಳುತ್ತಾರೆ. ಉಡಲಿ, ಧಾರಾಳವಾಗಿ ಉಡಲಿ. ಪ್ರೀತಿಯಿಂದ ಉಟ್ಟರೆ ಯಾವ ಬಟ್ಟೆಯೂ ಮೈಲಿಗೆಯಾಗುವುದಿಲ್ಲ. ನಾವು ಕೇಳುವುದು ಮೂರೇ: ಅದರ ಹೆಸರು ಹೇಳಿ, ಮಾಡಿದವರಿಗೆ ಕೂಲಿ ಕೊಡಿ, ಉಟ್ಟವರನ್ನು ಮಾನವಾಗಿ ಕಾಣಿ.

ಆದ್ದರಿಂದ ಈ ಸಭೆಯ ಮುಂದೆ ನಾಲ್ಕು ಒತ್ತಾಯಗಳನ್ನಿಡುತ್ತೇನೆ.

ಒಂದು: ತಾಂಡಾ, ಹಟ್ಟಿಗಳಲ್ಲಿ ಕಸೂತಿ ಮಾಡುವವರು, ಕಂಬಳಿ ನೇಯುವವರು ಎಷ್ಟು ಜನ ಉಳಿದಿದ್ದಾರೆಂದು ಮನೆಮನೆಗೆ ಹೋಗಿ ನಾವೇ ಪಟ್ಟಿ ಮಾಡಬೇಕು.

ಎರಡು: ಅವರದೇ ಸಂಘ ನೋಂದಣಿಯಾಗಬೇಕು. ಭೌಗೋಳಿಕ ಸೂಚಿಗೆ ಅರ್ಜಿ ಹಾಕುವ ಹಕ್ಕು ಉತ್ಪಾದಕರ ಸಂಘಕ್ಕಿದೆ. ಕಾಗದಪತ್ರದ ಓಡಾಟ ಕಾರ್ಯಕರ್ತರು ಮಾಡಲಿ, ಹೆಸರು ಮಾತ್ರ ಅವರದೇ ಇರಲಿ.

ಮೂರು: ಸರ್ಕಾರಿ ಸಮಾರಂಭದ ಸನ್ಮಾನಕ್ಕೆ ಈ ಸೀಮೆಯ ಮಗ್ಗದ ಕಂಬಳಿಯನ್ನೇ ಕೊಳ್ಳಬೇಕು. ಮಿಲ್ಲಿನದು ಬೇಡ.

ನಾಲ್ಕು: ಸಿನಿಮಾದವರು ಲಂಬಾಣಿ ಉಡುಪು ಬಳಸಿದರೆ ತಾಂಡಾದ ತಾಯಂದಿರಿಂದಲೇ ಹೊಲಿಸಲಿ, ಚಿತ್ರದ ಹೆಸರುಗಳ ಪಟ್ಟಿಯಲ್ಲಿ ಅವರ ಹೆಸರು ಕನ್ನಡದಲ್ಲಿ ಬರಲಿ.

ಬಂಧುಗಳೇ, ಮನೆಯ ಪೆಟ್ಟಿಗೆಯಲ್ಲಿರುವ ಉಡುಪನ್ನು ಹೊರತೆಗೆಯಿರಿ. ಹಬ್ಬಕ್ಕೆ ಮಾತ್ರವಲ್ಲ, ಸಂತೆಗೂ ಕಚೇರಿಗೂ ಉಟ್ಟು ಹೋಗಿ. ತಡೆದವರನ್ನು ಕೇಳಲು ನಾವಿದ್ದೇವೆ.

ಜೈ ಕರ್ನಾಟಕ!